ನಮ್ಮ ಟ್ರಂಕಿನಲ್ಲಿದ್ದ ಮೂಲೆ ಮನೆಯವನ ಅಂಗಿ

ಹೋದ ವಾರ ನಮ್ಮ ಸೊಸೆ ಗುಜರಿಯವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಅಟ್ಟದ ಮೇಲಿದ್ದ ತಗಡಿನ ಟ್ರಂಕು ಇಳಿಸಿದಳು. ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಮೇಲೆ ನನ್ನ ಹಳೇ ಸೀರೆಗಳು, ಒಂದು ಕಂಬಳಿ. ತಳದಲ್ಲಿ ಬೂದಿ ಬಣ್ಣದ ಪ್ಯಾಂಟು, ಪೇಪರಿನಲ್ಲಿ ಸುತ್ತಿಟ್ಟ ಒಂದು ಬಿಳಿ ಅಂಗಿ. ಪೇಪರು ಮುಟ್ಟಿದರೆ ಪುಡಿಯಾಗುತ್ತಿತ್ತು.

"ಇದ್ಯಾರದು ಅತ್ತೆ? ಮಾವಂದಂತೂ ಅಲ್ಲ. ಅವರ ಒಂದು ತೋಳಿಗೂ ಈ ಅಂಗಿ ಸಾಕಾಗ್ತಿರಲಿಲ್ಲ" ಅಂದಳು.

"ನಿಮ್ಮ ಮಾವಂದಲ್ಲ. ಬೇರೆಯವರದು" ಅಂದೆ.

ಅವಳು ನನ್ನ ಮುಖ ನೋಡಿದಳು, ಅಂಗಿ ನೋಡಿದಳು, ಗುಜರಿಯವನಿಗೆ ನಾಳೆ ಬಾ ಅಂತ ಹೇಳಿ ಬಾಗಿಲು ಹಾಕಿಕೊಂಡು ಬಂದು ನನ್ನ ಎದುರಿಗೆ ಕೂತಳು. ನನ್ನ ವಯಸ್ಸಿನ ಮುದುಕಿಯದೂ ಏನೋ ಕತೆ ಇದೆ ಅಂತ ಅವಳಿಗೆ ಖುಷಿ. ಅವಳು ಅಂದುಕೊಂಡ ಹಾಗೆ ಏನೂ ಇಲ್ಲ. ಆದರೆ ಹಾಗೆ ಅಂದುಕೊಂಡವರಲ್ಲಿ ಅವಳು ಮೊದಲನೆಯವಳೂ ಅಲ್ಲ...

ನಾವಾಗ ರಾಮನಗರದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿದ್ದೆವು. ನಮ್ಮ ಯಜಮಾನರು ಬಿಡದಿಯ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬೇಯಿಸುತ್ತಿದ್ದರು. ಮೊದಲನೇ ರೈಲಿಗೆ ಹೋದರೆ ಮಧ್ಯಾಹ್ನ ಬರೋರು. ಬೀದಿಯ ಕೊನೆಯಲ್ಲಿ ಒಂದು ಫಿಲೇಚರ್, ಅಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋ ಶೆಡ್ಡು. ಅದರ ಗೋಡೆಗೇ ಅಂಟಿಕೊಂಡ ಮೂಲೆ ಮನೆಯಲ್ಲಿ ಈ ಅಂಗಿಯವನು ಇದ್ದ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಅದೇ ಫಿಲೇಚರಿನಲ್ಲಿ ಬಿಸಿನೀರಿನ ಬಾಣಲೆ ಮುಂದೆ ಕೂತು ಗೂಡಿನಿಂದ ಎಳೆ ಹುಡುಕಿ ಎತ್ತಿಕೊಡೋ ಕೆಲಸ. ಬೆರಳೆಲ್ಲ ಬೆಂದು ಬೆಳ್ಳಗೆ ಸುಕ್ಕಾಗಿರೋವು. ಅವನು ಬೀದಿಗೆ ಕಾಲಿಟ್ಟರೆ ಮೊದಲು ವಾಸನೆ ಬರೋದು, ಆಮೇಲೆ ಅವನು ಬರೋನು. ಬೆಂದ ಹುಳದ ವಾಸನೆ ಗೊತ್ತಿಲ್ಲದವರಿಗೆ ನಾನು ಹೇಳಿ ತಿಳಿಸೋಕಾಗಲ್ಲ. ಗೊತ್ತಿರೋರು ಮರೆಯೋಕಾಗಲ್ಲ.

ಅವನ ಹೆಂಡತಿ ಜ್ವರ ಬಂದು ಸತ್ತಾಗ ಮಗಳಿಗೆ ಎರಡು ವರ್ಷ. ಹೆಂಡತಿಯ ತಾಯಿ ಸೋಲೂರಿನ ಹತ್ತಿರದ ಹಳ್ಳಿಯವಳು. ಹೊಲ, ತೆಂಗು, ನಾಲ್ಕು ಹಸು ಇದ್ದ ಮನೆ. ಹಾಲು ತುಪ್ಪ ಬಿಟ್ಟ ದಿನವೇ ಮಗೂನ ಸೊಂಟಕ್ಕೆ ಏರಿಸಿಕೊಂಡು ಹೋದಳು. ಗಂಡಸು ಒಬ್ಬನೇ ಹೆಣ್ಣುಮಗು ಹೇಗೆ ಸಾಕುತ್ತಾನೆ, ಅದರಲ್ಲಿ ತಪ್ಪೇನಿರಲಿಲ್ಲ. ಸ್ಕೂಲಿಗೆ ಸೇರಿಸೋ ಹೊತ್ತಿಗೆ ಬಂದು ಕರಕೊಂಡು ಹೋಗು ಅಂತ ಅವಳೇ ಹೇಳಿದ್ದಳು. ಆ ಒಂದು ಮಾತು ಹಿಡಿದುಕೊಂಡು ಅವನು ನಾಲ್ಕು ವರ್ಷ ಬದುಕಿದ.

ಮೊದಲನೇ ಸಲ ಮಗಳನ್ನು ನೋಡಿ ಬಂದವನು ಮನೆಗೆ ಹೋಗದೆ ನಮ್ಮ ಜಗುಲಿ ಮೇಲೆ ಕೂತ.

"ಮಗ ಮೂಗು ಮುಚ್ಚಿಕೊಂಡ್ಬುಡ್ತು ಅಕ್ಕ. ಅತ್ತೆ, ಹುಳದ ವಾಸ್ನೆ ಬತ್ತದೆ, ಮಗೀನ ಎತ್ಕೊಬ್ಯಾಡ ಅಂದ್ಬುಟ್ರು" ಅಂದ.

ನಾನು ಸಮಾಧಾನ ಹೇಳೋಳಲ್ಲ. ಮೈಮೇಲೆ ಬಣ್ಣಗೆಟ್ಟ ಲುಂಗಿ, ಬಗಲಲ್ಲಿ ಹರಿದ ಅಂಗಿ, ಮೂರು ದಿನದ ಗಡ್ಡ. "ಸಂತೆಗೆ ಹೊಡಕೊಂಡು ಹೋಗೋ ಎಮ್ಮೆಗೇ ಮೈ ತೊಳೀತಾರೆ ಕಣಯ್ಯ. ನೀನು ಹೆಣ್ಣುಮಗೀನ ಕೇಳಕ್ಕೆ ಹಿಂಗೆ ಹೋದ್ರೆ ಯಾರು ಕೊಡ್ತಾರೆ? ಮನುಷ್ಯನಂಗೆ ಹೋಗು" ಅಂದೆ.

ಅಂದವಳು ನಾನು. ಇದನ್ನು ಮರೆಯಬಾರದು.

ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಮುದುಕ ಟೈಲರಿದ್ದ. ಅವನ ಹತ್ತಿರ ಹೋಗಿ ಎರಡು ಬಿಳಿ ಅಂಗಿ, ಒಂದು ಬೂದಿ ಬಣ್ಣದ ಪ್ಯಾಂಟು ಹೊಲಿಸಿದ. ಬಟ್ಟೆ ಅಂಗಡಿಯಲ್ಲಿ ಉಳಿದ ಕಟ್ ಪೀಸು. ಬಣ್ಣದ ಹೂವಿನ ಅಂಗಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತಲ್ಲ ಅಂದರೆ, "ಬಿಳೀದು ಹಾಕ್ಕೊಂಡ್ರೆ ಹೋದ ಸಲ ಹಾಕಿದ್ದೇ ಇದು ಅಂತ ಯಾರಿಗೂ ಗೊತ್ತಾಗಕಿಲ್ಲವಂತೆ ಅಕ್ಕ. ಬೂದಿ ಬಣ್ಣ ಯಾತಕ್ಕಾದ್ರೂ ಹೊಂದ್ತದಂತೆ" ಅಂದ. ಟೈಲರು ಕಲಿಸಿದ ಪಾಠ. ಭುಜದ ಹೊಲಿಗೆ ಭುಜದ ಮೇಲೇ ಕೂರಬೇಕು, ತೋಳು ಮಣಿಕಟ್ಟಿಗೆ ನಿಲ್ಲಬೇಕು, ಬಟ್ಟೆ ಹೊಸದಾಗಿರಬೇಕಾಗಿಲ್ಲ ಆದರೆ ಮುದುರಿರಬಾರದು. ಎಲ್ಲ ನನ್ನ ಹತ್ತಿರ ಬಂದು ಒಪ್ಪಿಸೋನು, ಮಗ್ಗಿ ಒಪ್ಪಿಸೋ ಹಾಗೆ.

ಹೊಲಿಸಿದ ಬಟ್ಟೆ ಅವನ ಮನೆಯಲ್ಲಿ ಇಡೋ ಹಾಗಿರಲಿಲ್ಲ. ಫಿಲೇಚರಿನ ಆವಿ ನೇರ ಅವನ ಕಿಟಕಿಗೇ ಬರೋದು. ಡಬ್ಬಿಯಲ್ಲಿಟ್ಟ ಅಕ್ಕಿಗೂ ಹುಳದ ವಾಸನೆ ಹತ್ತೋದು. ನಮ್ಮ ಮನೆ ಬೀದಿಯ ಇನ್ನೊಂದು ತುದಿಗೆ, ಆವಿ ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಟ್ರಂಕಿನಲ್ಲಿಟ್ಟ. ನಮ್ಮ ಬೀದಿಯಲ್ಲಿ ಅದೇನೂ ಹೊಸದಲ್ಲ. ಫಿಲೇಚರಿಗೆ ಹೋಗೋ ಗಂಡಸರು ಹೆಂಗಸರು ಎಲ್ಲರೂ ಮದುವೆ ಹಬ್ಬಕ್ಕೆ ಹಾಕೋ ಬಟ್ಟೆಯನ್ನು ಆಚೆ ಬೀದಿಯವರ ಮನೆಯಲ್ಲೋ ಅಂಗಡಿಯವರ ಹತ್ತಿರವೋ ಇಡೋರು. ಯಾರ ಬಟ್ಟೆ ಯಾರ ಮನೆಯಲ್ಲಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

ನಮ್ಮ ಯಜಮಾನರು ಮಾತ್ರ ಒಂದು ದಿನ ಪಂಚೆ ಹುಡುಕೋಕೆ ಟ್ರಂಕು ತೆಗೆದು, ಪ್ಯಾಂಟು ಎತ್ತಿ ಹಿಡಿದು, "ಇದ್ರೊಳಗಿರೋ ಗಂಡ್ಸನ್ನ ಎಲ್ಲಿ ಬಚ್ಚಿಟ್ಟಿದ್ದೀಯೆ?" ಅಂದರು.

"ನಿಮ್ಮ ಹೊಟ್ಟೆ ಹಿಂದೆ ನಿಂತವ್ನೆ, ಕಾಣ್ತಿಲ್ಲ" ಅಂದೆ. ನಕ್ಕು ಪ್ಯಾಂಟು ಇದ್ದಲ್ಲೇ ಇಟ್ಟರು.

ತಿಂಗಳಿಗೊಂದು ದಿನ ಸೋಲೂರಿಗೆ ಹೋಗೋನು. ಹಿಂದಿನ ದಿನವೇ ತಯಾರಿ. ನಾನು ಅನ್ನದ ಗಂಜಿ ತಿಳಿಯಾಗಿ ಬಸಿದಿಡುತ್ತಿದ್ದೆ. ಅಂಗಿ ಒಗೆದು, ಎರಡು ತೊಟ್ಟು ನೀಲಿ ಹಾಕಿ, ಗಂಜಿಯಲ್ಲಿ ಅದ್ದಿ ನಮ್ಮ ಹಿತ್ತಲಲ್ಲಿ ಒಣಗಿಸೋನು. ಪ್ಯಾಂಟನ್ನು ನಮ್ಮ ಮನೆಯಲ್ಲೇ ಹಾಸಿಗೆ ಕೆಳಗೆ ಹಾಸಿ ಅದರ ಮೇಲೆ ಹಲಗೆ ಇಡೋನು. ಬೆಳಿಗ್ಗೆ ಕತ್ತಿ ಅಲಗಿನ ಹಾಗೆ ಗೆರೆ. ನಮ್ಮ ಬಚ್ಚಲಲ್ಲೇ ಕೈಗೆ ನಿಂಬೆ ಸಿಪ್ಪೆ ಉಜ್ಜಿ, ಸೀಗೆಪುಡಿಯಲ್ಲಿ ಮೈ ತಿಕ್ಕಿ, ಗಡ್ಡ ಬೋಳಿಸಿದ ಮೇಲೆ ಪಟಿಕದ ಕಲ್ಲು ಸವರಿಕೊಳ್ಳೋನು. ಹಳೇ ಬ್ಲೇಡನ್ನು ಗಾಜಿನ ಲೋಟದ ಒಳಗೆ ಉಜ್ಜಿ ಉಜ್ಜಿ ಹರಿತ ಮಾಡೋನು. ಎಣ್ಣೆ ಒಂದೇ ತೊಟ್ಟು, ಹಣೆ ಮೇಲೆ ಇಳಿಯಬಾರದು. ಶೂ ಯಾರೋ ಹಾಕಿ ಬಿಟ್ಟದ್ದು, ಸಂತೆಯಲ್ಲಿ ಕೊಂಡದ್ದು, ಒಂದು ಸೈಜು ದೊಡ್ಡದು. ತುದಿಗೆ ಹತ್ತಿ ತುರುಕಿ, ಹಳೇ ಸೀರೆ ಚೂರಿನಿಂದ ತಿಕ್ಕಿ ತಿಕ್ಕಿ ಮುಖ ಕಾಣೋ ಹಾಗೆ ಮಾಡಿದ್ದ. ಬಟ್ಟೆ ಮಡಿಕೆಯ ನಡುವೆ ನಾನು ಲಾವಂಚದ ಬೇರು ಇಡುತ್ತಿದ್ದೆ.

ಜೊತೆ ಕೆಲಸದವರು ಬೀದಿಯಲ್ಲಿ ಅಡ್ಡ ಹಾಕೋರು. "ಏನ್ಲಾ, ಮದ್ವೆ ಗಂಡು ಹೊಂಟ?"

"ಮಗಳ್ನ ನೋಡಕ್ಕೆ ಕಣ್ಲಾ" ಅಂತ ಇವನು. ನಡೆಯೋವಾಗ ಒಂದು ಕೈ ಪ್ಯಾಂಟಿನ ಗೆರೆ ಮೇಲೇ ಇರೋದು.

ಅಂಗಡಿಯಲ್ಲಿ ಉಳಿದ ಬಟ್ಟೆ, ಪ್ರತಿ ಸಲ ತಿಕ್ಕಿ ಒಗೆದು ಗಂಜಿ ಹಾಕಿ ಎರಡು ವರ್ಷಕ್ಕೇ ಕಾಲರ್ ಸವೆಯಿತು. ಕತ್ತು ಉಜ್ಜೋ ಕಡೆ ನೂಲು ಎದ್ದಿತು. ಟೈಲರು ಕಾಲರ್ ಬಿಚ್ಚಿ, ಸವೆದ ಮೈ ಕೆಳಗೆ ಮಾಡಿ, ಒಳಮೈ ಮೇಲೆ ತಂದು ಹೊಲಿದುಕೊಟ್ಟ. ನೋಡಿದವರಿಗೆ ಹೊಸ ಅಂಗಿ. ಅವನ ಸಂತೋಷ ನೋಡಬೇಕಿತ್ತು. "ಇನ್ನೆರಡು ವರ್ಷ ಬತ್ತದೆ ಅಕ್ಕ. ಅಷ್ಟೊತ್ಗೆ ಮಗ ಇಲ್ಲೇ ಇರ್ತದೆ" ಅಂದ. ಆಮೇಲೆ, ಅಂತ ಕೇಳಿದೆ. ಕಾಲರನ್ನು ಒಂದು ಸಲ ತಿರುಗಿಸಬಹುದು, ಎರಡನೇ ಸಲ ಆಗೋಲ್ಲ ಅಂತ ಟೈಲರು ಹೇಳಿದ್ದನಂತೆ. ಆಮೇಲಿಂದು ಬೇಕಾಗಿಲ್ಲ ಬುಡಕ್ಕ ಅಂದ.

ಮಗು ಹತ್ತಿರ ಬರೋಕೆ ಶುರುಮಾಡಿತ್ತು. ತೊಡೆ ಮೇಲೆ ಕೂತು ಗುಂಡಿ ಎಣಿಸುತ್ತಿತ್ತಂತೆ. "ಅಪ್ಪನ ಅಂಗಿ ಗಮಗಮ ಅಂತದೆ" ಅಂದಿತಂತೆ. ಅವತ್ತು ಬಂದವನು ನಮ್ಮ ಯಜಮಾನರಿಗೆ, ನನಗೆ, ಟೈಲರಿಗೆ, ಹೂವಿನವಳಿಗೆ ಎಲ್ಲರಿಗೂ ಅದನ್ನೇ ಹೇಳಿದ...

ಮಗಳಿಗೆ ಆರು ತುಂಬಿತು. ಕೇಳೋಕೆ ಹೋಗೋವಾಗ ನನ್ನನ್ನೂ ಕರೆದ. "ಹೆಂಗ್ಸು ಒಬ್ರು ಬಂದ್ರೆ ಅತ್ತೆಗೆ ಧೈರ್ಯ ಬತ್ತದೆ. ಮಗೀನ ನೋಡ್ಕೊಳಕ್ಕೆ ಪಕ್ಕದಲ್ಲಿ ಒಬ್ರವ್ರೆ ಅಂತ." ನಮ್ಮ ಯಜಮಾನರು ಹೋಗಿ ಬಾ ಅಂದರು. ನಾನು ಹಬ್ಬದ ಸೀರೆ ಉಟ್ಟುಕೊಂಡು ಹೋದೆ. ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ಸೋಲೂರಿಗೆ ಒಂದು. ದಾರಿಯುದ್ದಕ್ಕೂ ಸೀಟಿಗೆ ಬೆನ್ನು ಆನಿಸದೆ ಕೂತಿದ್ದ. ಅಂಗಿ ಮುದುರುತ್ತದಲ್ಲ.

ಹುಡುಗಿಯ ಅಜ್ಜಿ ಕೊಟ್ಟಿಗೆ ಮುಂದೆ ಕೂತಿದ್ದಳು. ಅವಳ ಮಗ, ಹುಡುಗಿಯ ಸೋದರಮಾವ, ಕಂಬಕ್ಕೆ ಒರಗಿ ನಿಂತಿದ್ದ. ಕಾಫಿ ಕೊಟ್ಟರು. ಮಾತು ನಾನೇ ತೆಗೆದೆ. ಸ್ಕೂಲು ನಮ್ಮ ಬೀದಿಯ ಹಿಂದೇನೇ ಇದೆ, ಅಪ್ಪ ಬರೋವರೆಗೆ ಮಗು ನಮ್ಮ ಮನೆಯಲ್ಲಿರುತ್ತೆ, ನನಗೂ ಇಬ್ಬರು ಹೆಣ್ಣುಮಕ್ಕಳು ಅಂದೆ.

ಅಜ್ಜಿ ಕಾಫಿ ಲೋಟ ಪಕ್ಕಕ್ಕಿಟ್ಟಳು. ಅವನನ್ನು ತಲೆಯಿಂದ ಶೂವರೆಗೆ ನೋಡಿದಳು.

"ಗೂಡು ಬೇಯ್ಸೋ ಕೂಲಿಗೆ ಇಷ್ಟು ಶೋಕಿ ಎಲ್ಲಿಂದ ಬತ್ತು ಅಳಿಯಪ್ಪ? ನನ್ನ ಮಗಳು ಇದ್ದಾಗ ಒಂದು ನೆಟ್ಟಗಿರೋ ಅಂಗಿ ಕಾಣ್ಲಿಲ್ಲ. ಗಂಡ್ಸು ತಾನೇ ಗಂಜಿ ಹಾಕಿ ಹಿಂಗೆ ಗರಿಗರಿ ಮಾಡ್ಕೊಳಕಿಲ್ಲ. ಯಾವಳೋ ಅವ್ಳೆ. ಹೇಳ್ಬುಡು."

ಅವನು ತಲೆ ತಗ್ಗಿಸಿದ. ನನಗೆ ರೇಗಿತು. ನಾನು ಮುಚ್ಚುಮರೆ ಮಾಡೋಳಲ್ಲ, ನಮ್ಮ ಬೀದಿಯಲ್ಲಿ ಅದರಲ್ಲಿ ಮುಚ್ಚೋದು ಏನೂ ಇರಲಿಲ್ಲ.

"ಯಾವಳೂ ಇಲ್ಲ ಕಣವ್ವ. ಗಂಜಿ ಬಸಿಯೋಳು ನಾನೇ. ಅವನ ಬಟ್ಟೆ ಇರೋದೂ ನಮ್ಮ ಟ್ರಂಕಲ್ಲೇ. ಹಾಕ್ಕೊಳದೂ ನಮ್ಮ ಮನೇಲೇ" ಅಂದೆ.

ಅಜ್ಜಿ ಮಗನ ಕಡೆ ತಿರುಗಿ, "ಕೇಳ್ಸ್ಕೊಂಡೇನಪ್ಪ?" ಅಂದಳು. ನಾನು ಏನು ಹೇಳಿಬಿಟ್ಟೆ ಅಂತ ಆಗ ನನಗೆ ತಿಳಿಯಿತು. ಆ ಊರಲ್ಲಿ ಒಬ್ಬ ಗಂಡಸಿನ ಬಟ್ಟೆ ಇನ್ನೊಬ್ಬನ ಹೆಂಡತಿಯ ಪೆಟ್ಟಿಗೆಯಲ್ಲಿ ಇರೋದು ಅಂದರೆ ಒಂದೇ ಅರ್ಥ. ಯಾಕೆ ಇಟ್ಟಿದ್ದು ಅಂತ ಬಿಡಿಸಿ ಹೇಳೋಣ ಅಂದರೆ, ಅವನ ಮನೆಯಲ್ಲಿ ಹುಳದ ವಾಸನೆ, ಬಟ್ಟೆ ಇಡೋಕೂ ಆಗಲ್ಲ ಅನ್ನಬೇಕು. ಬಟ್ಟೆ ಇಡೋಕಾಗದ ಮನೆಯಲ್ಲಿ ಮಗೂನ ಇಡ್ತೀರಾ ಅಂತಾಳೆ. ನಾನು ಬಾಯಿ ತೆರೆದು ಮತ್ತೆ ಮುಚ್ಚಿದೆ. ನನ್ನ ಜೀವಮಾನದಲ್ಲಿ ಹಾಗೆ ಆಗಿದ್ದು ಅದೊಂದೇ ಸಲ.

ಅವನು ಎದ್ದ. ಮೇಲಿನ ಗುಂಡಿ ಬಿಚ್ಚಿ, ಕಾಲರನ್ನು ಎತ್ತಿ, ಕೆಳಗಿನ ಸವೆದ ಮೈ ತೋರಿಸಿದ. ಎದ್ದ ನೂಲು, ಹರಿದ ಅಂಚು, ಎಲ್ಲ.

"ನೋಡತ್ತೆ. ಶೋಕಿ ಅಲ್ಲ. ನಾಕು ವರ್ಸದ ಅಂಗಿ. ತಿರುಗ್ಸಿ ಹೊಲ್ಸಿದ್ದು. ಇರೋದೇ ಎರಡು" ಅಂದ.

ಅಜ್ಜಿ ಕತ್ತು ಮುಂದೆ ಚಾಚಿ ಸರಿಯಾಗಿ ನೋಡಿದಳು.

"ಹಂಗಾರೆ ಒಂದು ಅಂಗಿಗೂ ಗತಿಯಿಲ್ದೋನು ನೀನು. ನನ್ನ ಮೊಮ್ಮಗಳ್ಗೆ ಏನ್ ಉಡುಸ್ತೀಯೆ?"

ಅಷ್ಟೇ. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿತ್ತು. ಸೋದರಮಾವ ಅದನ್ನು ಒಳಗೆ ಎಳೆದುಕೊಂಡ.

ವಾಪಸು ಬಸ್ಸಿನಲ್ಲಿ ಅವನು ಮೊದಲನೇ ಸಲ ಸೀಟಿಗೆ ಒರಗಿ ಕೂತ. ಮಾಗಡಿ ದಾಟಿದ ಮೇಲೆ, "ಗಂಜಿ ಒಸಿ ಜಾಸ್ತಿ ಆಗಿತ್ತೇನೋ ಅಕ್ಕ" ಅಂದ. ನಾನು ಕಿಟಕಿ ಕಡೆ ತಿರುಗಿಕೊಂಡೆ. ಗಂಜಿ ಸರಿಯಾಗೇ ಇತ್ತು.

ಆಮೇಲೂ ಅವನು ತಿಂಗಳು ತಿಂಗಳು ಹೋಗೋದು ಬಿಡಲಿಲ್ಲ. ಮಗು ಸ್ಕೂಲಿಗೆ ಹೋಗಿದೆ ಅನ್ನೋರು, ನೆಂಟರ ಮನೆಗೆ ಹೋಗಿದೆ ಅನ್ನೋರು. ಕೊಟ್ಟಿಗೆ ಹತ್ತಿರವೇ ಮಾತಾಡಿಸಿ ಕಳಿಸೋರು. ಹುಡುಗಿ ದೊಡ್ಡದಾದ ಹಾಗೆ ತಾನೇ ಆಚೆ ಬರೋದು ನಿಲ್ಲಿಸಿತು. ಬೇರೆ ಹೆಂಗಸಿನ ಮನೆಯಲ್ಲಿ ಬಟ್ಟೆ ಇಡೋ ಅಪ್ಪ ಅಂತ ಅದಕ್ಕೆ ಎಷ್ಟು ಸಲ ಹೇಳಿದ್ದರೋ. ನಾನು ಒಬ್ಬಳೇ ಹೋಗಿ ಬಿಡಿಸಿ ಹೇಳುತ್ತೇನೆ ಅಂದೆ. "ಬ್ಯಾಡಕ್ಕ, ನೀವು ಹೋದ್ರೆ ಇನ್ನೂ..." ಅಂದು ಅಷ್ಟಕ್ಕೇ ನಿಲ್ಲಿಸಿದ. ಬಟ್ಟೆ ಬೇರೆ ಕಡೆ ಇಡು ಅಂದೆ. ಈಗ ಎಲ್ಲಿಟ್ಟರೇನು ಅಂದ. ಅದೂ ನಿಜವೇ.

ಹುಡುಗಿ ಮೈನೆರೆದ ಸುದ್ದಿ ಯಾರ ಬಾಯಿಂದಲೋ ಬಂತು. ಆರತಿಗೆ ಅವನನ್ನು ಕರೆದಿರಲಿಲ್ಲ. ಅದೇ ವಾರ ಅವನು ಟೈಲರಿನ ಹತ್ತಿರ ಹೋಗಿ ಮೂರನೇ ಅಂಗಿ ಹೊಲಿಸಿದ. ಕಟ್ ಪೀಸಲ್ಲ, ಥಾನಿನಿಂದ ಕತ್ತರಿಸಿದ ಒಳ್ಳೇ ಬಟ್ಟೆ. ಟೈಲರಿಗೆ ಆಗಲೇ ಕಣ್ಣು ಮಂಜು. ಅವನು ಹೊಲಿದ ಕೊನೇ ಅಂಗಿಗಳಲ್ಲಿ ಅದೂ ಒಂದು.

"ಯಾತಕ್ಕಯ್ಯ ಇದು?" ಅಂದೆ.

"ಧಾರೆ ಎರಿಯೋವಾಗ ಹಾಕ್ಕೊಳಕ್ಕೆ. ಮಗೀನ ಕೊಡ್ದಿದ್ರೂ ಧಾರೆಗೆ ಅಪ್ಪನ್ನ ಕರೀದೇ ಇರಕಾಯ್ತದಾ?"

"ಧಾರೆಗೆ ನಿಂತೋರು ಶಲ್ಯ ಹೊದ್ದಿರ್ತಾರೆ. ಅಂಗಿ ಯಾರು ನೋಡ್ತಾರೆ?"

"ಶಲ್ಯ ಹೊದ್ರೂ ಕಾಲರ್ ಕಾಣ್ತದಲ್ಲಕ್ಕ" ಅಂದ.

ಆ ಅಂಗಿಯನ್ನು ಪೇಪರಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟ. ಎರಡು ಮೂರು ತಿಂಗಳಿಗೊಂದು ಸಲ ಬಂದು, ಕೈ ತೊಳೆದು, ಬಿಚ್ಚಿ, ಮಡಿಕೆ ಬದಲಾಯಿಸಿ ಮತ್ತೆ ಇಡೋನು. ಒಂದೇ ಮಡಿಕೆಯಲ್ಲಿ ಬಿಟ್ಟರೆ ಬಟ್ಟೆ ಅಲ್ಲೇ ಸೀಳುತ್ತದೆ, ರೇಷ್ಮೆಯವನಿಗೆ ನಾನು ಹೇಳಿಕೊಡಬೇಕೆ. ಒಂದು ದಿನವೂ ಹಾಕಿ ನೋಡಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಾರ್ಕೆಟ್ಟಿಗೆ ಗೂಡು ತಂದ ಆ ಕಡೆಯ ರೈತನೊಬ್ಬ ಇವನ ಬೆನ್ನು ತಟ್ಟಿದನಂತೆ. "ನಿನ್ನ ಮಗಳ ಮದ್ವೆ ಊಟ ಜೋರಾಗಿತ್ತು ಕಣಪ್ಪ. ತಿಪ್ಪಸಂದ್ರದ ಕಡೆ ಗಂಡಂತೆ. ನೀನ್ಯಾಕೆ ಕಾಣ್ಲಿಲ್ಲ, ಹುಷಾರಿಲ್ವಾ?" ಧಾರೆ ಎರೆದದ್ದು ಸೋದರಮಾವ. ಆಗಲೇ ವಾರ ಕಳೆದಿತ್ತು.

ಅವನು ನಮ್ಮ ಮನೆಗೆ ಬಂದು ಅಷ್ಟನ್ನೂ ಹಾಗೆಹಾಗೇ ಹೇಳಿದ. ಟ್ರಂಕು ತೆಗೆಯಕ್ಕ ಅಂದ. ಅಂಗಿ ಈಚೆ ತೆಗೆದು, ಕೊಡವಿ, ಮಡಿಕೆ ಬದಲಾಯಿಸಿ, ಪೇಪರು ಸುತ್ತಿ ಒಳಗಿಟ್ಟ. ಕೆಲಸಕ್ಕೆ ಹೋದ. ಆಮೇಲೆ ಅವನು ಟ್ರಂಕು ಕೇಳಲಿಲ್ಲ. ಹಳೇ ಎರಡು ಅಂಗಿ ಅಷ್ಟರಲ್ಲಿ ಸವೆದು ಚಿಂದಿಯಾಗಿದ್ದವು. ಗಡ್ಡ ಬಿಟ್ಟ. ಲುಂಗಿ, ಬನಿಯನ್ನು, ಅಷ್ಟೇ. ಪಟಿಕದ ಕಲ್ಲು ನಮ್ಮ ಬಚ್ಚಲ ಗೂಡಿನಲ್ಲೇ ಉಳಿಯಿತು. ಉಬ್ಬಸ ಬೇರೆ ಹಿಡಿದಿತ್ತು, ಆ ಆವಿಯಲ್ಲಿ ಕೂತವರಿಗೆ ಹಿಡಿಯೋದೇ.

ಅವನು ಸತ್ತಾಗ ನಾನು ಊರಲ್ಲಿರಲಿಲ್ಲ. ಕನಕಪುರದಲ್ಲಿ ಚಿಕ್ಕಮಗಳ ಬಾಣಂತನ. ಟ್ರಂಕಿನ ಬೀಗದ ಕೈ ನನ್ನ ಸೊಂಟದಲ್ಲಿ. ಬೀದಿಯವರು ಅವನ ಮನೆಯೆಲ್ಲ ಹುಡುಕಿದರಂತೆ, ಹಾಕೋಕೆ ಒಂದು ಒಳ್ಳೇ ಬಟ್ಟೆ ಸಿಗಲಿಲ್ಲವಂತೆ. ನಮ್ಮ ಯಜಮಾನರಿಗೆ ಬೀಗ ಒಡೆಯೋದು ಹೊಳೆಯಲಿಲ್ಲ. ಮೈಮೇಲಿದ್ದ ಆ ಲುಂಗಿ ಬನಿಯನ್ನಿನಲ್ಲೇ ಮಲಗಿಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಕಳಿಸಿದರು.

ಅವನ ಮಗಳು ಬಂದಿದ್ದಳಂತೆ, ಗಂಡನ ಜೊತೆ. ಬಾಗಿಲಿನಿಂದ ಒಳಗೆ ಬರಲಿಲ್ಲವಂತೆ. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ನಿಂತಿದ್ದಳಂತೆ. ಅಳು ತಡೆಯೋಕೆ ಮುಚ್ಚಿದಳೋ, ವಾಸನೆಗೆ ಮುಚ್ಚಿದಳೋ... ಹೇಳಿದ ಹೆಂಗಸಿಗೂ ಗೊತ್ತಾಗಲಿಲ್ಲ.

ಇದನ್ನೆಲ್ಲ ಕೇಳಿ ಸೊಸೆ, "ಮಗಳಿಗೆ ಕೊಟ್ಟುಬಿಡೋಣ ಅತ್ತೆ, ತಿಪ್ಪಸಂದ್ರ ಏನು ದೂರ" ಅಂದಳು. ಏನಂತ ಕೊಡೋದು? ನಮ್ಮ ಟ್ರಂಕಿನಲ್ಲಿ ನಿಮ್ಮಪ್ಪನ ಅಂಗಿ ಇತ್ತು ತಗೊಳವ್ವ ಅಂತಲೇ? ಅದೇ ಮಾತು ಒಂದು ಸಲ ಆಡಿ ನೋಡಿದ್ದೀನಿ.

ಒಂದು ಸಲ ಇಸ್ತ್ರಿ ಆದರೂ ಹಾಕೋಣ ಅಂತ ಸೊಸೆ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದಳು. ನಾನು ಅಂಗಿ ಎತ್ತಿ ಮೂಗಿಗೆ ಹಿಡಿದೆ. ಲಾವಂಚವೂ ಇಲ್ಲ, ಹುಳವೂ ಇಲ್ಲ, ಬರೀ ನುಸಿಗುಳಿಗೆ. ಬಿಚ್ಚಿ ಮೇಜಿನ ಮೇಲೆ ಹರಡೋಕೆ ಹೋದರೆ ಮಡಿಕೆ ಇದ್ದಲ್ಲೆಲ್ಲ ಪರ್ ಅಂತ ಸೀಳಿತು. ಎದೆಗೊಂದು ಗೆರೆ, ಬೆನ್ನಿಗೊಂದು, ತೋಳಿಗೊಂದು. ಅವನು ಹೋದ ಮೇಲೆ ಮಡಿಕೆ ಬದಲಾಯಿಸೋದು ನನಗೆ ಒಂದು ದಿನವೂ ನೆನಪಾಗಿರಲಿಲ್ಲ.

ಕಾಲರ್ ಮಾತ್ರ ಗಟ್ಟಿಯಾಗಿತ್ತು. ಎತ್ತಿ ಕೆಳಗಿನ ಮೈ ನೋಡಿದೆ. ಎರಡೂ ಕಡೆ ಹೊಸದು.

ಮಾರನೇ ದಿನ ಗುಜರಿಯವನು ಬಂದ. ಟ್ರಂಕು ಕೊಟ್ಟುಬಿಡು ಅಂದೆ.